ನೈದಾಳ ಮಣಿಕಟ್ಟಿನ ಗಂಟು

ಅಕ್ಟೋಬರ್ 9

ಯಾರು ನೀನು, ಈ ಪುಸ್ತಕ ತೆರೆದಿರೋದು? ಮನೇಲಿ ಮಾಡೋಕೆ ಕೆಲಸ ಇಲ್ವಾ? ಕುರಿಗೆ ನೀರು ಕುಡಿಸಿದ್ಯಾ? ಕಂಡವರ ಗಡಿಗೆ ಮುಚ್ಚಳ ಸರಿಸಿ ಮೂಸೋ ನಾಯಿಗೂ ನಿನಗೂ ಏನು ವ್ಯತ್ಯಾಸ? ಮುಚ್ಚು. ಜೋಳದ ಮೂಟೆ ಹಿಂದಿಂದ ತೆಗೆದೆ ತಾನೆ, ಅಲ್ಲೇ ಇಡು. ಇನ್ನೂ ಕಣ್ಣು ಕೆಳಗಿನ ಸಾಲಿಗೆ ಇಳೀತಾ ಇದ್ರೆ ಆ ಕಣ್ಣಿಗೆ ಒಲೆ ಬೂದಿ ಬೀಳಲಿ.

ಇದು ನೈದಾಳ ಹೋದ ವರ್ಷದ ಗಣಿತದ ಪುಸ್ತಕ. ಅರ್ಧ ಖಾಲಿ. ಬರೆದಿರೋ ಅರ್ಧದಲ್ಲೂ ಲೆಕ್ಕ ಇಲ್ಲ, ಬ್ಯಾಂಡಿನವರ ಚಿತ್ರ ಇದೆ. ತುತ್ತೂರಿ, ಡೋಲು, ಮತ್ತೆ ಡೋಲು. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕುಂಟಿದರೆ ಕುಂಟಲಿ, ಓದೋಳು ನಾನೇ ತಾನೆ.

ಬರೀತಿರೋದು ವಿಲ್ಬರ್ ಮೇಷ್ಟ್ರನ್ನ ಬೈಯೋಕೆ. ಬಾಯಲ್ಲಿ ಬೈದ್ರೆ ನೈದಾ ಕಿವಿ ಮುಚ್ಕೊಂಡು ಕುರಿಹಟ್ಟೀಲಿ ಹೋಗಿ ಕೂರ್ತಾಳೆ. ಹದಿನೇಳಾಯ್ತು ಅವಳಿಗೆ. ಹುಟ್ಟಿನಿಂದಲೇ ಬುದ್ಧಿ ನಿಧಾನ, ನಾಲಿಗೆ ದಪ್ಪ. ಆಸ್ಪತ್ರೆ ನರ್ಸಮ್ಮ ಅದಕ್ಕೊಂದು ದೊಡ್ಡ ಹೆಸರು ಹೇಳಿದ್ಲು. ನಮ್ಮನೇಲಿ ಅದಕ್ಕೆ ಹೆಸರಿಲ್ಲ. ನನ್ನ ಮಗಳು ಬೆನಿತಾ ತೀರಿಕೊಂಡಾಗ ಮಗು ಇನ್ನೂ ಮೊಲೆ ಬಿಟ್ಟಿರಲಿಲ್ಲ. ಅವತ್ತಿಂದ ನೈದಾಗೆ ನಾನು, ನನಗೆ ನೈದಾ.

ಶಾಲೆ ಕೊನೆ ವರ್ಷದ ಮಕ್ಕಳು ಪ್ರವಾಸ ಹೋಗೋದು ಎಲ್ಲೂರಲ್ಲೂ ಇರೋದೇ. ಅದಕ್ಕಂತ ಎರಡು ವರ್ಷದಿಂದ ಚೌಕದಲ್ಲಿ ಕೋಳಿ ಕರಿದು ಮಾರಿದೀವಿ. ನಾನೂ ಕರಿದಿದೀನಿ, ಮೊಣಕೈವರೆಗೂ ಎಣ್ಣೆ ಸಿಡಿಸ್ಕೊಂಡಿದೀನಿ. ಕರಿದಿದ್ದು ಜಾಕೆಟ್ಟಿಗೆ. ಎಲ್ಲರ ಬೆನ್ನ ಮೇಲೂ ಎಲ್ಲರ ಹೆಸರು ಬರೆಸಿರೋ ಆ ಮೆರೂನ್ ಜಾಕೆಟ್ ನನ್ನ ಹುಡುಗಿಗೂ ಬರಲಿ ಅಂತ. ಅದು ಬಂತು. ಸಾಕು.

ಇವತ್ತು ಮೇಷ್ಟ್ರು ಟೋಪಿ ಕೈಯಲ್ಲಿ ಹಿಡ್ಕೊಂಡು ಬಂದ್ರು.

"ದೊಡ್ಡಮ್ಮ, ಮೊಯೆಂದೊಗೆ ಹೋಗ್ತಿದೀವಿ, ಸಮುದ್ರ ನೋಡೋಕೆ. ನೈದಾನ ಬಿಟ್ಟು ಹೇಗೆ ಹೋಗೋದು?"

"ಬಸ್ಸಿನಲ್ಲಿ ಹೋಗಿ. ಚಕ್ರ ಇದೆಯಲ್ಲ."

"ಜವಾಬ್ದಾರಿ ನಂದು ದೊಡ್ಡಮ್ಮ."

"ಹೋದ ವರ್ಷ ಕಳ್ಕೊಂಡ್ರಲ್ಲ ಮೋಟರ್‌ಸೈಕಲ್ಲು, ಅದರ ಜವಾಬ್ದಾರೀನೂ ನಿಮ್ಮದೇ ಇತ್ತು."

ಪಾಪ, ಕಿವಿ ಕೆಂಪಗಾಯ್ತು. ಆದ್ರೆ ನಾನು ಸುಳ್ಳು ಹೇಳಿದ್ನಾ? ನೈದಾಗೆ ಬ್ಯಾಂಡ್ ಕೇಳಿದ್ರೆ ಕಾಲು ತನ್ನಷ್ಟಕ್ಕೆ ಹೋಗುತ್ತೆ. ಎರಡು ವರ್ಷದ ಹಿಂದೆ ಆಯವೀರಿ ಸಂತೇಲಿ ಕುಣಿತದವರ ಹಿಂದೆ ಹೋದವಳು ಸಂಜೆ ಸಿಕ್ಕಿದ್ದು ಬೇರೆ ಊರಿಗೆ ಹೊರಟಿದ್ದ ಲಾರೀಲಿ, ಡೋಲಿನ ಪಕ್ಕ ಕೂತು. ಅವತ್ತೇ ನಾನು ಒಂದು ನಡುಪಟ್ಟಿ ನೇಯ್ದೆ. ಒಂದು ತುದಿ ಅವಳ ಮಣಿಕಟ್ಟಿಗೆ, ಇನ್ನೊಂದು ತುದಿ ಕರ್ಕೊಂಡು ಹೋಗೋರ ಮಣಿಕಟ್ಟಿಗೆ. ಅವಳೇನೂ ಬೇಡ ಅನ್ನಲ್ಲ. ಕೈ ಚಾಚ್ತಾಳೆ.

ಸಮುದ್ರಕ್ಕೆ ಬೇಲಿ ಇದೆಯಾ? ಇಲ್ಲ. ಮುಗೀತು.

ಅಕ್ಟೋಬರ್ 13

ನೈದಾಳ ಧರ್ಮತಾಯಿ ಗ್ರಿಮಾಲ್ದಾ, ಅವಳಿಗೆ ದೊಡ್ಡವ್ವ, ನನಗೆ ಕೊಮಾದ್ರೆ, ಹುಡುಗೀನ ಕರ್ಕೊಂಡು ಸಂತೆಗೆ ಹೋಗಿ ಬಂದ್ಲು. ನನ್ನ ಮೊಣಕಾಲು ಸಂತೆ ಇಳಿಜಾರು ತಡ್ಕೊಳಲ್ಲ, ಅದಕ್ಕೇ ಪ್ರತಿ ಭಾನುವಾರ ಅವಳೇ ಕರ್ಕೊಂಡು ಹೋಗಿ ತನ್ನ ಕುರಿಹಾಲಿನ ಗಟ್ಟಿ ಗಿಣ್ಣು ಮಾರಿಕೊಂಡು ಬರ್ತಾಳೆ. ಗಂಟು ನಾನೇ ಹಾಕಿ ಕಳಿಸ್ತೀನಿ, ಎಡಕ್ಕೆ ಸುತ್ತಿ. ಬಂದಾಗ ಬಲಕ್ಕೆ ಸುತ್ತಿರುತ್ತೆ. ನೇಯ್ಗೆ ಬಾರದವಳಿಗೆ ಗಂಟೂ ಬರಲ್ಲ.

ಬಾಗಿಲಲ್ಲೇ ಹೇಳಿದೆ, ಮೇಷ್ಟ್ರಿಗೆ ಏನು ಉತ್ತರ ಕೊಟ್ಟೆ ಅಂತ.

"ಸರಿಯಾಗೇ ಹೇಳಿದ್ರಿ ಕೊಮಾದ್ರೆ. ತಾಯಿ ಜೀವಕ್ಕೆ ಮಾತ್ರ ಗೊತ್ತಾಗುತ್ತೆ," ಅಂದ್ಲು.

ಇಡೀ ಊರಲ್ಲಿ ಒಬ್ಬಳಾದ್ರೂ ಇದಾಳಲ್ಲ ನನ್ನ ಕಡೆಗೆ ಅಂತ ಒಂದು ಹಿಡಿ ಒಣಮಾಂಸ ಕಟ್ಟಿಕೊಟ್ಟೆ.

ಅಕ್ಟೋಬರ್ 17

ನೈದಾ ಸಾರು ಮುಟ್ಟಲಿಲ್ಲ. ಜಾಕೆಟ್ ಹಾಕ್ಕೊಂಡೇ ಮಲಗ್ತಾಳೆ. ಬೆಳಿಗ್ಗೆ ಕೇಳಿದ್ಲು, "ಅಜ್ಜಿ, ಸಮುದ್ರದ ನೀರು ಉಪ್ಪಾದ್ರೆ ಮೀನಿಗೆ ಬಾಯಾರಲ್ವಾ?"

"ಮೀನಿನ ಚಿಂತೆ ಮೀನಿಗಿರಲಿ, ನೂಲು ಸುತ್ತು," ಅಂದೆ.

ಅಕ್ಟೋಬರ್ 20

ಗ್ರಿಮಾಲ್ದಾ ಬಂದು, ಮೇಲಿನ ಹುಲ್ಲುಗಾವಲಲ್ಲಿ ಕುರಿಗಳು ಮರಿ ಹಾಕ್ತಿವೆ, ನಾಲ್ಕು ದಿನ ನೈದಾ ಬಂದಿದ್ರೆ ಕೈಗೆ ಆಸರೆ ಅಂತ ಕೇಳಿದ್ಲು. ನಾಳೆ ಬಸ್ಸು ಹೊರಡುತ್ತೆ, ಹುಡುಗಿ ಕಣ್ಣಿಗೆ ಬೀಳದೆ ಇರೋದೇ ಮೇಲು. ಕಳಿಸಿದೆ. ಗಂಟೂ ಹಾಕಿದೆ.

ಹೋಗುವಾಗ ನೈದಾ ನನ್ನ ಹೊಟ್ಟೆಗೆ ಮುಖ ಒತ್ತಿ ಬಿಗಿಯಾಗಿ ತಬ್ಕೊಂಡ್ಲು. ಅವಳು ತಬ್ಕೊಳೋ ಜಾತಿ ಅಲ್ಲ. ಸಿಟ್ಟು ಇಳೀತು ಅಂದ್ಕೊಂಡೆ.

ಅಕ್ಟೋಬರ್ 21

ಬೆಳಿಗ್ಗೆ ಚೌಕಕ್ಕೆ ಹೋದೆ. ಹೋಗದಿದ್ರೆ ಜನ ನಾಲ್ಕು ಮಾತಾಡ್ತಾರೆ. ಹುರಿದ ಜೋಳ ಒಂದು ಚೀಲ ತಗೊಂಡು ಹೋಗಿ ಮೇಷ್ಟ್ರ ಕೈಗೆ ಕೊಟ್ಟೆ, ಮಕ್ಕಳು ದಾರೀಲಿ ತಿನ್ನಲಿ ಅಂತ. ಬಸ್ಸಿನ ಮೂತಿಗೆ ಮದ್ಯ ಚಿಮುಕಿಸಿ, ನೆಲದ ತಾಯಿಗೆ ಕೋಕಾ ಎಲೆ ಇಟ್ಟು, ಹೋದ ಹಾಗೇ ಬನ್ನಿ ಅಂತ ಹರಸಿದೆ. ಮೇಷ್ಟ್ರು ನನ್ನ ಮುಖ ನೋಡಲಿಲ್ಲ. ನಾಚಿಕೆಯಾಗಿರಬೇಕು, ಆಗಲಿ.

ಮೆರೂನ್ ಜಾಕೆಟ್ಟುಗಳು ಕಿಟಕೀಲಿ ಚೆನ್ನಾಗೇ ಕಂಡ್ವು.

ಅಕ್ಟೋಬರ್ 22

ಈಗ ಬರೀತೀನಿ. ಪೆನ್ನು ಹಾಳೆ ಹರಿದ್ರೆ ಹರೀಲಿ.

ನೈದಾಳ ಕಿವಿ ಮುಚ್ಚೋ ಉಣ್ಣೆ ಟೋಪಿ ಗೂಟದಲ್ಲೇ ನೇತಾಡ್ತಿತ್ತು. ಹುಲ್ಲುಗಾವಲಲ್ಲಿ ಗಾಳಿ ಚಾಕು ಇದ್ದ ಹಾಗೆ. ಮೊಣಕಾಲು ಬೈತಾ ಬೈತಾ ಮೇಲೆ ಹತ್ತಿದೆ. ಗ್ರಿಮಾಲ್ದಾ ಹಾಲು ಕರೀತಿದ್ಲು. ಒಬ್ಬಳೇ.

"ಬನ್ನಿ ಕೊಮಾದ್ರೆ. ಕೂತ್ಕೊಳ್ಳಿ, ಉಸಿರು ಬಿಡಿ."

"ನೈದಾ ಎಲ್ಲಿ ಕೊಮಾದ್ರೆ?"

"ಮೊದಲು ಒಂದು ಲೋಟ ಬಿಸಿ ಕುಡೀರಿ."

"ಬಿಸಿ ಆಮೇಲೆ. ಹುಡುಗಿ ಎಲ್ಲಿ?"

ಕೆಚ್ಚಲಿಂದ ಕೈ ತೆಗೀಲಿಲ್ಲ ಮಹಾತಾಯಿ. ಹಾಲು ತಂಬಿಗೆಗೆ ಚರ್ ಚರ್ ಅಂತ ಬೀಳ್ತಾನೇ ಇತ್ತು.

"ಸಮುದ್ರದ ಹತ್ರ. ಈಗ ಊಟಕ್ಕೆ ಕೂತಿರ್ತಾರೆ."

ಬಸ್ಸು ಚೌಕ ಬಿಟ್ಟು ಹುಲ್ಲುಗಾವಲ ತಿರುವಿಗೆ ಬರೋ ಹೊತ್ತಿಗೆ ಇವಳು ನೈದಾನ ರಸ್ತೇಲಿ ನಿಲ್ಲಿಸಿದ್ದಳಂತೆ. ಮೇಷ್ಟ್ರಿಗೆ ಮೊದಲೇ ಗೊತ್ತು. ಮಕ್ಕಳಿಗೆ ಗೊತ್ತು. ನನ್ನ ಹುರಿದ ಜೋಳ ತಿಂದ್ಕೊಂಡೇ ನನ್ನ ಹುಡುಗೀನ ಕದ್ದುಕೊಂಡು ಹೋಗಿದಾರೆ.

ಕೊಮಾದ್ರೆ ಜತೆ ಜಗಳ ಆಡೋ ಹಾಗಿಲ್ಲ. ಮಗುವಿನ ಮೊದಲ ಕೂದಲು ಕತ್ತರಿಸಿದವಳು ಅವಳ ಧರ್ಮತಾಯಿ, ನನಗೆ ಕೊಮಾದ್ರೆ. ಅವಳಿಗೆ ನಾನು, ನನಗೆ ಅವಳು ಒಂದು ಕೆಟ್ಟ ಮಾತಾಡಿದ್ರೂ ಆಲಿಕಲ್ಲು ಬೀಳುತ್ತೆ, ನಮ್ಮ ತಲೆ ಮೇಲಲ್ಲ, ಇಡೀ ಊರಿನ ಆಲೂಗಡ್ಡೆ ಮೇಲೆ. ಗಿಡ ಈಗಷ್ಟೇ ಎರಡೆಲೆ ಬಿಟ್ಟಿದೆ. ಅದಕ್ಕೇ ನಾನು ಬಾಯಿಗೆ ಸಕ್ಕರೆ ಹಾಕ್ಕೊಂಡೆ.

"ಒಳ್ಳೆ ಕೆಲಸ ಮಾಡಿದ್ರಿ ಕೊಮಾದ್ರೆ."

"ಎಲ್ಲ ನಿಮ್ಮ ಆಶೀರ್ವಾದ ಕೊಮಾದ್ರೆ."

"ನನ್ನ ಆಶೀರ್ವಾದ ಬಸ್ಸಿನ ಮೂತಿಗೆ ಬಿತ್ತು. ತಿರುವಲ್ಲಿ ಹತ್ತಿದವಳಿಗೆ ಬೀಳಲಿಲ್ಲ."

"ಬಸ್ಸಿಗೆ ಬಿದ್ದಿದ್ದು ಒಳಗಿರೋರಿಗೆಲ್ಲ ಬೀಳುತ್ತೆ ಕೊಮಾದ್ರೆ."

"ಹೇಳದೆ ಕಳಿಸೋ ಅಧಿಕಾರ ಯಾರು ಕೊಟ್ರು? ಬೈತಿಲ್ಲ ನಾನು. ಕೇಳ್ತಿದೀನಿ ಅಷ್ಟೆ."

"ನೀವೇ ಕೊಟ್ರಿ. ಮೊದಲ ಜಡೆ ಕತ್ತರಿಸಿದ ದಿನ ಊರೋರ ಮುಂದೆ ಅಂದ್ರಿ, ಇವತ್ತಿಂದ ಇವಳ ಮಾತು ಈ ಮನೆ ಮಾತು ಅಂತ. ಮೇಷ್ಟ್ರಿಗೆ ಅದನ್ನೇ ಹೇಳಿದೆ. ಅವರು ಈ ಊರೋರೇ, ಆ ದಿನ ಊಟಕ್ಕೂ ಬಂದಿದ್ರು. ಮನೆಯವರು ಒಪ್ಪಿದ್ರು ಅಂತ ತಗೊಂಡ್ರು."

ಇಬ್ಬರೂ ಒಂದೇ ಸಲ ತಲೆ ಎತ್ತಿ ಆಕಾಶ ನೋಡಿದ್ವಿ. ಮೋಡ ಇರಲಿಲ್ಲ. ಟೋಪಿ ಅಲ್ಲೇ ಬಿಟ್ಟು ಇಳಿದು ಬಂದೆ.

ಇಲ್ಲಿ ಬರೆಯಬಹುದು. ಆಲಿಕಲ್ಲಿಗೆ ಕಿವಿ ಇರಬಹುದು, ಓದು ಬರಲ್ಲ.

ಗ್ರಿಮಾಲ್ದಾ! ಬಾಯಲ್ಲಿ ಬೆಲ್ಲ, ಬಗಲಲ್ಲಿ ಕತ್ತರಿ! ಮಳ್ಳಿ ಮಳ್ಳಿ, ಮಂಚಕ್ಕೆ ಎಷ್ಟು ಕಾಲು ಅಂದ್ರೆ ಮೂರು ಮತ್ತೊಂದು ಅನ್ನೋಳು ನೀನು! ಕೊಮಾದ್ರೆ ಆಗೋಕೆ ಮುಂಚೆ ನಾವಿಬ್ಬರೂ ಏಕವಚನದವರು, ನೆನಪಿದೆಯಾ? ಒಂದೇ ಬೆಂಚು, ಒಂದೇ ಬಳಪ, ನಿನ್ನ ಮೂಗು ನನ್ನ ಶಾಲಿಗೆ ಒರೆಸಿದ್ದು. ಆ ಬೆಂಚಿಗಾದ್ರೂ ಮರ್ಯಾದೆ ಕೊಡಬೇಕಿತ್ತು. ನಿನಗೆ ಕೊಟ್ಟ ಒಣಮಾಂಸ ನಿನ್ನ ಗಂಟಲಲ್ಲಿ ನಿಲ್ಲಲಿ. ಪೂರ್ತಿ ಅಲ್ಲ, ಅರ್ಧ ದಿನ ನಿಲ್ಲಲಿ. "ಸರಿಯಾಗೇ ಹೇಳಿದ್ರಿ" ಅಂದೆಯಲ್ಲ, ಆ ಮಾತು ಆಡುವಾಗ ನಿನ್ನ ಹಲ್ಲು ನಾಲಿಗೆ ಕಚ್ಚಲಿಲ್ವಾ? ನಾನು ಹೇಳಿದ್ದು ಸರಿಯಲ್ಲ ಅಂತ ಎದುರಿಗೇ ಅಂದಿದ್ರೆ ವರ್ಷಗಟ್ಟಲೆ ಆಡ್ತಾ ಬಂದಿದೀವಲ್ಲ, ಹಾಗೆ ನಯವಾಗಿ ಕಿತ್ತಾಡಬಹುದಿತ್ತು. ನೀನು ಹೌದು ಅಂದೆ. ಹೌದು ಅಂದು ಕದ್ದೆ.

ನೈದಾನೂ ಕದ್ದಳು. ಹೊಟ್ಟೆಗೆ ಮುಖ ಒತ್ತಿದ್ದು ಅದಕ್ಕೆ.

ಅಕ್ಟೋಬರ್ 23

ಊರಿಗೆಲ್ಲ ಗೊತ್ತಿತ್ತು. ಗಿರಣಿಯವಳು ಹಿಟ್ಟು ಕೊಡುವಾಗ ನನ್ನ ಕಣ್ಣು ತಪ್ಪಿಸಿ ತಕ್ಕಡಿ ನೋಡಿದ್ಲು. ಬಾವಿ ಹತ್ರ ನಾನು ಬಂದ ಕೂಡಲೇ ಮಾತು ನಿಂತೋಯ್ತು.

ಹೊಸ ಹೊದಿಕೆಗೆ ಹಾಸಿನ ನೂಲು ಹಾಕೋಣ ಅಂತ ಅಂಗಳದಲ್ಲಿ ಗೂಟ ನೆಟ್ಟೆ. ಒಬ್ಬರು ಈ ಗೂಟದ ಹತ್ರ, ಒಬ್ಬರು ಆ ಗೂಟದ ಹತ್ರ ಕೂತು ನೂಲಿನ ಉಂಡೆ ಆ ಕಡೆ ಈ ಕಡೆ ಎಸೀಬೇಕು. ಎಸೆದೆ. ಉಂಡೆ ಹೋಗಿ ಗೂಟದಾಚೆ ಕೋಳಿ ಹತ್ರ ನಿಂತ್ಕೊಳ್ತು. ಎದ್ದು ಹೋಗಿ ತಂದೆ. ಮತ್ತೆ ಎಸೆದೆ. ಆಮೇಲೆ ಗೂಟ ಕಿತ್ತು ಒಳಗಿಟ್ಟೆ.

ಈ ಸಲದ ನೂಲು ಚೆನ್ನಾಗಿಲ್ಲ.

ಅಕ್ಟೋಬರ್ 24

ಅಂಗಡಿ ಫೋನಿಗೆ ಕರೆ ಬಂತು. ಅಂಗಡಿಯವಳು ಬೀದಿ ಉದ್ದಕ್ಕೂ ಕೂಗ್ತಾ ಓಡಿ ಬಂದ್ಲು. ನಾನು ಓಡಲಿಲ್ಲ. ಚಪ್ಪಲಿ ಒಂದು ಎಲ್ಲೋ ಬಿದ್ದು ಹೋಗಿತ್ತು, ಅದು ಬೇರೆ ಮಾತು.

"ಅಜ್ಜಿ, ಅದು ನಿಲ್ಲಲ್ಲ. ಕೂಗಿದ್ರೂ ನಿಲ್ಲಲ್ಲ."

"ಯಾವುದೇ?"

"ನೀರು."

"ಊಟ ಮಾಡಿದ್ಯಾ?"

"ಮೀನಿಗೆ ಕಣ್ಣಿತ್ತು. ತಿಂದೆ."

"ಟೋಪಿ ಬಿಟ್ಟು ಹೋಗಿದೀಯಲ್ಲ, ನಾಚಿಕೆ ಆಗಲ್ವಾ?"

"ಬಿಸಿಲಿದೆ ಅಜ್ಜಿ."

"ನನಗೆ ಯಾಕೆ ಹೇಳಲಿಲ್ಲ ನೀನು?"



"ಹೇಳಿದ್ರೆ ಅಜ್ಜಿ ಅಳ್ತಾಳೆ ಅಂತ ದೊಡ್ಡವ್ವ ಅಂದ್ಲು."

ನಾನು ಅಳೋದಾ! ಗಂಡ ಸತ್ತಾಗ, ಮಗಳು ಸತ್ತಾಗ ಬಂದವರಿಗೆಲ್ಲ ಬಡಿಸಿ ಕಳಿಸಿದವಳು ನಾನು. ಅಂಗಡಿಯವಳು ಸೆರಗು ಕೊಡೋಕೆ ಬಂದ್ಲು. ಧೂಳು ಇವತ್ತು, ಗಾಳಿ ಬಹಳ ಇತ್ತು.

ಅಕ್ಟೋಬರ್ 25

ಬಂದ್ಲು. ಮೂಗಿನ ಸಿಪ್ಪೆ ಸುಲಿದಿದೆ, ಜಾಕೆಟ್ಟಲ್ಲಿ ಮೀನಿನ ವಾಸನೆ. ಜತೆಗೆ ಮೇಷ್ಟ್ರು ಬಂದು ಹೊಸ್ತಿಲ ಹೊರಗೇ ನಿಂತ್ರು. ಮನುಷ್ಯನ ಕಣ್ಣು ಊದಿತ್ತು.

"ದೊಡ್ಡಮ್ಮ, ಮುಚ್ಚಿಡಲ್ಲ. ಮೊನ್ನೆ ಸಂಜೆ ಕಡಲ ದಂಡೆ ರಸ್ತೇಲಿ ಮೀನುಗಾರರ ಬ್ಯಾಂಡ್ ಬಂತು. ನಾನು ಇನ್ನೊಬ್ಬ ಹುಡುಗನ ಕಾಲಿನ ಗಾಯ ತೊಳೀತಿದ್ದೆ. ತಿರುಗಿ ನೋಡಿದ್ರೆ ನೈದಾ ಇಲ್ಲ."

ನನ್ನ ಕೈಯಲ್ಲಿ ಸೌಟಿತ್ತು. ಕೆಳಗಿಡಲಿಲ್ಲ.

"ಮರಳೆಲ್ಲ ಹುಡುಕಿದ್ವಿ. ನೀರಿನ ಹತ್ರ ಹುಡುಕಿದ್ವಿ. ನಾನು... ನೀವಂದಿದ್ದೇ ಸರಿ ಅನ್ನಿಸ್ತು ದೊಡ್ಡಮ್ಮ. ಪೊಲೀಸರಿಗೆ ಹೇಳೋಣ ಅಂತ ಬಸ್ಸಿನ ಹತ್ರ ಬಂದ್ರೆ..."

"ನಾನು ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದೆ," ಅಂದ್ಲು ನೈದಾ. "ಇವರು ಯಾರೂ ಬರಲೇ ಇಲ್ಲ. ಮೇಷ್ಟ್ರು ಅತ್ತರು."

"ನಿನಗೆ ಬಸ್ಸು ಹೇಗೆ ಗೊತ್ತಾಯ್ತೇ, ಅಷ್ಟು ಬಸ್ಸಲ್ಲಿ?"

ಎಷ್ಟು ದಡ್ಡಿ ಈ ಮುದುಕಿ ಅನ್ನೋ ಹಾಗೆ ನನ್ನ ನೋಡಿದ್ಲು. "ಬ್ಯಾಂಡ್ ನಿಂತ ಮೇಲೆ, ಇಳಿದ ಗಾಡಿಗೆ ವಾಪಸ್ಸು. ದೊಡ್ಡವ್ವ ಹೇಳಿದಾಳೆ. ಸಂತೇಲಿ ಯಾವಾಗಲೂ ಹಾಗೇ."

"ಸಂತೇಲಿ ಪಟ್ಟಿ ಕಟ್ಟಿರುತ್ತಲ್ಲ!"

"ಬಿಚ್ತಾಳೆ. ಬ್ಯಾಂಡ್ ಹಿಂದೆ ಹೋಗು ಅಂತಾಳೆ. ನಾನು ವಾಪಸ್ಸು ಬರ್ತೀನಿ. ಆಮೇಲೆ ಕಟ್ತಾಳೆ, ಅಜ್ಜಿ ನೋಡ್ತಾಳೆ ಅಂತ."

ಬಲಕ್ಕೆ ಸುತ್ತಿದ ಗಂಟು.

ನೋಡಿದ್ದೆ. ಪ್ರತಿ ಭಾನುವಾರ ನೋಡಿದ್ದೆ. ನೇಯೋಳ ಕಣ್ಣಿಗೆ ಗಂಟು ಯಾವ ಕೈಯ್ಯದು ಅಂತ ಗೊತ್ತಾಗದೆ ಇರುತ್ತಾ? ಆದ್ರೆ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅಂತ ನೀನು ಕೇಳಬೇಡ, ಪುಸ್ತಕವೇ.

ಮೇಷ್ಟ್ರಿಗೆ ಸಾರು ಬಡಿಸಿದೆ. ಬೈದೇ ಬಡಿಸಿದೆ.

ಎರಡು ವರ್ಷ! ಒಂದು ದಿನದ ಕಳ್ಳತನ ಅಂದ್ಕೊಂಡಿದ್ದೆ. ಇವಳು ನನ್ನ ಕಣ್ಣೆದುರು ಗಂಟು ಹಾಕಿಸ್ಕೊಂಡು ಹೋಗಿ, ನನ್ನ ಹುಡುಗೀನ ಬ್ಯಾಂಡಿಗೆ ಎಸೆದು, ಮತ್ತೆ ಗಂಟು ಹಾಕಿ ತಂದು ಒಪ್ಪಿಸ್ತಿದ್ಲು. ನಾನು ಅವಳಿಗೆ ಕೈಮುಗಿದು ಬಿಸಿ ಸಾರು ಕೊಡ್ತಿದ್ದೆ.

ಅಕ್ಟೋಬರ್ 29

ನೈದಾಳ ಕೈಲಿ ಗ್ರಿಮಾಲ್ದಾ ಗಿಣ್ಣು ಕಳಿಸಿದ್ಲು, ಬಿಳಿ ಬಟ್ಟೇಲಿ ಸುತ್ತಿ. ಬಟ್ಟೆ ಒಗೆದು ಒಣಗಿಸಿ ಖಾಲಿ ಮಡಿಸಿ ವಾಪಸ್ಸು ಕಳಿಸಿದೆ. ನಮ್ಮ ಕಡೆ ಕೊಟ್ಟ ಬಟ್ಟೆ, ಕೊಟ್ಟ ತಟ್ಟೆ ಖಾಲಿ ಹೋಗಲ್ಲ, ಒಂದು ಆಲೂಗಡ್ಡೆಯಾದ್ರೂ ಇಟ್ಟು ಕಳಿಸ್ತೀವಿ. ಖಾಲಿ ಬಟ್ಟೆ ಮಾತಲ್ಲ, ಆಲಿಕಲ್ಲಿಗೆ ಕೇಳಲ್ಲ. ಅವಳಿಗೆ ಕೇಳುತ್ತೆ.

ಸಂಜೆಗೆ ಅದೇ ಬಟ್ಟೇಲಿ ಇನ್ನೊಂದು ಗಿಣ್ಣು ಬಂತು. ಹಟಮಾರಿ ಹೆಂಗಸು.

ನವೆಂಬರ್ 1

ಸತ್ತವರು ಮನೆಗೆ ಬರೋ ದಿನ. ಬೆನಿತಾಳ ಫೋಟೋ ಮುಂದೆ ಮಗುವಿನ ಆಕಾರದ ರೊಟ್ಟಿ, ಕಿನ್ವಾ ಸಾರು, ಅವಳಿಗಿಷ್ಟವಾದ ಕುರಿಮಾಂಸ ಇಟ್ಟೆ. ಕೊಮಾದ್ರೆ ಬರಲೇಬೇಕು, ಬರದಿದ್ರೆ ಸತ್ತವಳಿಗೆ ಅವಮಾನ. ಬಂದ್ಲು. ಹೊಸ ಹ್ಯಾಟು ಬೇರೆ. ನಮ್ಮಿಬ್ಬರ ನಡುವೆ ಫೋಟೋ.

ಸತ್ತವರ ಹತ್ರ ಮಾತಾಡಿದ್ರೆ ಅದು ಜಗಳ ಅಲ್ಲ. ನಾನೇ ಶುರು ಮಾಡಿದೆ.

"ಬೆನಿತಾ, ನಿನ್ನ ಮಗಳ ಧರ್ಮತಾಯಿ ಬಂದಿದಾಳೆ ನೋಡವ್ವ. ನಾಲಿಗೆ ಎರಡಿದೆ, ರೊಟ್ಟೀನೂ ಎರಡು ಕೊಡು."

"ಬೆನಿತಾ, ನಿಮ್ಮವ್ವಂಗೆ ಹೇಳು," ಅಂದ್ಲು ಅವಳು ಫೋಟೋಗೆ, "ಒಂದು ನಾಲಿಗೆ ನಿಜ ಹೇಳೋಕೆ ಎಷ್ಟೋ ಸಲ ಬಂದಿತ್ತು. ಬಾಗಿಲಲ್ಲೇ ನಾಯಿ ಬಿಟ್ರು."

"ಬೆನಿತಾ, ನಮ್ಮನೇಲಿ ನಾಯಿ ಇಲ್ಲ ಅಂತ ಹೇಳು."

"ಬೆನಿತಾ, ಬೊಗಳೋದು ಮಾತ್ರ ಕೇಳಿಸುತ್ತೆ ಅಂತ ಹೇಳು."

"ಬೆನಿತಾ, ಹುಡುಗಿ ನೀರು ಪಾಲಾಗಿದ್ರೆ ಇವತ್ತು ಈ ಮೇಜಿನ ಮೇಲೆ ಎರಡು ಫೋಟೋ ಇರ್ತಿತ್ತು ಅಂತ ಹೇಳು!"

ಗ್ರಿಮಾಲ್ದಾ ಹ್ಯಾಟು ತೆಗೆದು ಮಡಿಲಲ್ಲಿಟ್ಕೊಂಡ್ಲು.

"ಅಮ್ಮ ಊಟ ಮಾಡ್ತಿದಾಳೆ," ಅಂದ್ಲು ನೈದಾ. "ಇಬ್ಬರೂ ಸುಮ್ನಿರಿ."

ಎದ್ದು ಹೋಗಿ ಹಾಸಿಗೆ ಕೆಳಗಿಂದ ಒಂದು ಬಾಟಲಿ ತಂದ್ಲು. ಅರ್ಧ ಮರಳು, ಮೇಲೆ ನೀರು. ಫೋಟೋ ಪಕ್ಕ ಇಟ್ಲು. "ಅಮ್ಮ ನೋಡಿರಲಿಲ್ಲ," ಅಂದ್ಲು.

ಬೆನಿತಾ ನೋಡಿರಲಿಲ್ಲ. ನಾನೂ ನೋಡಿಲ್ಲ. ಗ್ರಿಮಾಲ್ದಾನೂ ನೋಡಿಲ್ಲ. ಮೂರು ಹೆಂಗಸರು ಆ ಬಾಟಲೀನೇ ನೋಡ್ತಾ ಕೂತ್ವಿ, ಒಬ್ಬಳು ಫೋಟೋದಿಂದ.

ಗ್ರಿಮಾಲ್ದಾ ಹೋಗಿ ನೈದಾ ಮಲಗಿದ ಮೇಲೆ ಬೆರಳದ್ದಿ ನೆಕ್ಕಿದೆ. ಥೂ. ಇದನ್ನ ನೋಡೋಕಾ ಅಷ್ಟು ದೂರ?

ಮತ್ತೊಂದು ಸಲ ನೆಕ್ಕಿದೆ.

ನವೆಂಬರ್ 10

ಮೊಣಕಾಲು ಏನಾದ್ರೂ ಆಗಲಿ ಅಂತ ನಾನೇ ಸಂತೆಗೆ ಕರ್ಕೊಂಡು ಹೋದೆ. ಇನ್ನು ಆ ಹೆಂಗಸಿನ ಕೈಗೆ ಕೊಡ್ತೀನಾ? ಪಟ್ಟಿ ಕಟ್ಟಿದೆ. ನೈದಾ ಕೈ ಚಾಚಿದ್ಲು, ಆದ್ರೆ ಮುಖ ಆ ಕಡೆ ತಿರುಗಿಸಿ.

ಮದುವೆ ದಿಬ್ಬಣದ ಬ್ಯಾಂಡ್ ಬಂತು. ಪಟ್ಟಿ ಬಿಗೀತು. ಅದಕ್ಕಿಂತ ಹೆಚ್ಚು ಅವಳು ಎಳೀಲಿಲ್ಲ, ನನ್ನ ಬೇಡಲೂ ಇಲ್ಲ. ಡೋಲು ಬಡಿದ ಹಾಗೆಲ್ಲ ಅವಳ ಮಣಿಕಟ್ಟಿನ ನಾಡಿ ಪಟ್ಟಿಯೊಳಗೆ ಹಾರ್ತಿತ್ತು, ನನ್ನ ಕೈಗೆ ಗೊತ್ತಾಗ್ತಿತ್ತು. ನನ್ನ ಕೈ ಗಂಟಿನ ಹತ್ರ ಯಾವಾಗ ಹೋಯ್ತೋ. ಬಿಚ್ಚಿತು.

ಅವಳು ಹೋದ್ಲು. ನಾನೂ ಹಿಂದೇ ಹೋದೆ. ಹ್ಯಾಟಿನ ಅಂಗಡಿ ಹಿಂದೆ ಅಡಗಿದೆ, ಈರುಳ್ಳಿ ಮೂಟೆ ಹಿಂದೆ ಅಡಗಿದೆ, ಕುರಿ ಮಾರೋನ ಕೈಲಿ ಬೈಸ್ಕೊಂಡೆ. ಬ್ಯಾಂಡ್ ನಿಲ್ಲೋದಕ್ಕೂ ಮೊದಲೇ ಅವಳು ತಿರುಗಿ ನನ್ನ ಹಿಡಿದ್ಲು.

"ಅಜ್ಜಿ! ನೀನು ಬರಬಾರದು. ದೊಡ್ಡವ್ವ ಬರಲ್ಲ."

"ದೊಡ್ಡವ್ವ ಏನು ಮಾಡ್ತಾಳೆ ಮತ್ತೆ?"

"ನಿಂತಿರ್ತಾಳೆ."

"ಎಲ್ಲಿ?"

"ನನಗೇನು ಗೊತ್ತು? ನಾನು ಬ್ಯಾಂಡ್ ಹಿಂದೆ ಇರ್ತೀನಲ್ಲ."

ಗಾಡಿ ಹತ್ರ ವಾಪಸ್ಸು ಬಂದಾಗ ದಾರಿ ತೋರಿಸಿದ್ದು ಅವಳು. ಸಂತೇಲಿ ಮೂರು ಬಣ್ಣದ ಗಾಡಿ ಇದ್ವು, ನನಗೆ ಎಲ್ಲ ಒಂದೇ ಥರ ಕಂಡ್ವು.

ನವೆಂಬರ್ 16

ನೈದಾ ಹೇಳಿಬಿಟ್ಟಿದಾಳೆ. ಡಿಸೆಂಬರಿನ ಮೊದಲ ಸಂತೆಗೆ ದೊಡ್ಡವ್ವನ ಗಿಣ್ಣು ತಗೊಂಡು ಒಬ್ಬಳೇ ಹೋಗ್ತಾಳಂತೆ. ನಾನೂ ಬೇಡ, ದೊಡ್ಡವ್ವನೂ ಬೇಡ. ಈಗ ಅಂಗಳದಲ್ಲಿ ಆ ಕಡೆ ಗೂಟದ ಹತ್ರ ಕೂತಿದಾಳೆ, "ಅಜ್ಜಿ, ಉಂಡೆ ಎಸಿ" ಅಂತ ಕೂಗ್ತಿದಾಳೆ. ತಡಿ, ಬರೀತಿದೀನಿ. ನೂಲು ಈಗ ಪರವಾಗಿಲ್ಲ.

ಈ ಪುಸ್ತಕಾನ ನಿನ್ನ ಗಿಣ್ಣಿನ ಬಟ್ಟೇಲೇ ಸುತ್ತಿ ನೈದಾಳ ಕೈಲಿ ಕಳಿಸ್ತಿದೀನಿ, ಗ್ರಿಮಾಲ್ದಾ. ಬಟ್ಟೆ ಖಾಲಿ ಬಂತು ಅನ್ನಬೇಡ. ಮೊದಲ ಹಾಳೆಯ ಬೈಗುಳ ಬೇರೆ ಯಾರಿಗೋ ಅಂತ ತಿಳ್ಕೋಬೇಡ, ಅದೂ ನಿನಗೇ. ತುಟಿ ಅಲ್ಲಾಡಿಸ್ತಾ, ಬೆರಳಿಟ್ಟು, ಪ್ರತಿ ಅಕ್ಷರ ಓದು. ಜೋರಾಗಿ ಮಾತ್ರ ಓದಬೇಡ, ಆಲೂಗಡ್ಡೆ ಈಗ ಹೂ ಬಿಡ್ತಿದೆ.

ನಿನ್ನನ್ನ ಕ್ಷಮಿಸಿಲ್ಲ. ಸಾಯೋವರೆಗೂ ಕ್ಷಮಿಸಲ್ಲ, ಸತ್ತ ಮೇಲೆ ರೊಟ್ಟಿ ತಿನ್ನೋಕೆ ಬಂದಾಗಲೂ ನಿನ್ನ ಕಡೆ ಬೆನ್ನು ಹಾಕಿ ಕೂರ್ತೀನಿ. ನೀನು ಮಾಡಿದ್ದು ಮೋಸ. ಹುಡುಗಿ ಬಸ್ಸಿನ ಮೆಟ್ಟಿಲಿಗೆ ವಾಪಸ್ಸು ಬಂದಿದ್ದಕ್ಕೆ ಅದು ಮೋಸ ಅಲ್ಲ ಅಂತ ಆಗಲ್ಲ. ಅದನ್ನೂ ನೀನೇ ಕಲಿಸಿದೆ ಅಂತ ನನಗೆ ಗೊತ್ತು, ಹೇಳಿ ತೋರಿಸಬೇಡ.

ಆದ್ರೆ ನನಗೊಂದು ಗೊತ್ತಾಗಬೇಕು, ಅದನ್ನ ಬಾಯಿಬಿಟ್ಟು ಕೇಳೋಕೆ ಹೋದ್ರೆ ಬೇರೆ ಮಾತೂ ಜತೇಲಿ ಬಂದುಬಿಡುತ್ತೆ. ಮೊದಲ ಸಲ ಗಂಟು ಬಿಚ್ಚಿದೆಯಲ್ಲ, ಅವಳು ಹೋದ್ಲಲ್ಲ, ಆಗ ನೀನು ಎಲ್ಲಿ ನಿಂತಿದ್ದೆ? ಹಿಂದೆ ಹೋಗದೆ ಹೇಗಿದ್ದೆ? ಅವಳು ವಾಪಸ್ಸು ಬರೋವರೆಗೂ ಆ ಪಟ್ಟಿ ಹಿಡಿದ ಕೈಯನ್ನ ಎಲ್ಲಿ ಇಟ್ಕೊಂಡಿದ್ದೆ?

ಕೆಳಗೆ ಜಾಗ ಬಿಟ್ಟಿದೀನಿ. ಬರಿ. ಡಿಸೆಂಬರ್ ಹುಟ್ಟೋಕೆ ಮುಂಚೆ ಉತ್ತರ ಬರಬೇಕು.